ಉದ್ಯಾನದ ಲೋಹ ಮಂಟಪ: ದರಪಟ್ಟಿಯಲ್ಲಿ ಕಾಣದ ವೆಚ್ಚ

ಹೋಟೆಲು, ರೆಸಾರ್ಟು, ಕಲ್ಯಾಣ ಮಂಟಪಗಳ ಉದ್ಯಾನಗಳಲ್ಲಿ, ಕೆಲವು ಕಾರ್ಖಾನೆಗಳ ಆವರಣದಲ್ಲಿಯೂ, ‘ಗಜೀಬೊ’ ಎಂಬ ಹೆಸರಿನ ಲೋಹದ ಮಂಟಪಗಳನ್ನು ನಿಲ್ಲಿಸುವ ಪರಿಪಾಠ ಬೆಳೆದಿದೆ. ಅತಿಥಿಗಳಿಗೆ ನೆರಳು, ಆವರಣಕ್ಕೆ ಶೋಭೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆಕ್ಷೇಪವಿರುವುದು ಖರೀದಿಯ ಕ್ರಮದ ಬಗ್ಗೆ. ಮೂರು ದರಪಟ್ಟಿಗಳನ್ನು ತರಿಸಿ, ಅತಿ ಕಡಿಮೆ ಮೊತ್ತದ್ದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮಿತವ್ಯಯ ಸಾಧಿಸಿದಂತಾಗುವುದಿಲ್ಲ. ಮಂಟಪದ ನಿಜವಾದ ವೆಚ್ಚವನ್ನು ನಿರ್ಧರಿಸುವುದು ಲೇಪನ, ನೆಲದ ಹಿಡಿತ ಮತ್ತು ತೆರಿಗೆಯ ಪರಿಣಾಮ. ಇವುಗಳ ವಿವರ ದರಪಟ್ಟಿಗಳಲ್ಲಿ ವಿರಳ.

ಮೊದಲನೆಯದು ಲೇಪನ. ಕೇವಲ ಬಣ್ಣ ಬಳಿದ ಉಕ್ಕಿನ ಕೊಳವೆ ಅಗ್ಗ. ಆದರೆ ಬಣ್ಣವು ಕೊಳವೆಯ ಒಳಭಾಗವನ್ನು ತಲುಪುವುದಿಲ್ಲ. ತುಕ್ಕು ಬೆಸುಗೆಯ ಜಾಗಗಳಿಂದ ಆರಂಭವಾಗುತ್ತದೆ. ಬೆಸುಗೆ ಮುಗಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಅಂದರೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ ಚೌಕಟ್ಟಿಗೆ ಒಳಗೂ ಹೊರಗೂ ರಕ್ಷಣೆಯಿದೆ. ಗೀರು ಬಿದ್ದರೂ ಸತುವು ತಾನು ಸವೆದು ಉಕ್ಕನ್ನು ಕಾಯುತ್ತದೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಗೆ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಹೆಚ್ಚು ಸೂಕ್ತ. ಸ್ಟೇನ್‌ಲೆಸ್ ಸ್ಟೀಲ್ ಬೇಕೆಂದರೆ 304ಕ್ಕಿಂತ 316ನೇ ದರ್ಜೆ ಮೇಲು. 80,000 ರೂಪಾಯಿಯ ಮಂಟಪ 5 ವರ್ಷ, 1,50,000 ರೂಪಾಯಿಯದು 15 ವರ್ಷ ಬಾಳುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮೊದಲನೆಯದಕ್ಕೆ ವರ್ಷಕ್ಕೆ 16,000, ಎರಡನೆಯದಕ್ಕೆ 10,000 ರೂಪಾಯಿ ಬೀಳುತ್ತದೆ. ಅಗ್ಗ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಹಿಡಿತ. ಭಾರತೀಯ ಮಾನಕ 875ರ 3ನೇ ಭಾಗವು ಗಾಳಿಯ ಮೂಲವೇಗವನ್ನು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಗೊತ್ತುಪಡಿಸಿದೆ. 33 ಮೀಟರ್ ವೇಗದ ಗಾಳಿಯ ಒತ್ತಡ 3 ಮೀಟರ್ ಚೌಕದ ಚಾವಣಿಯ ಮೇಲೆ ಸುಮಾರು 600 ಕಿಲೋಗ್ರಾಂ ಭಾರಕ್ಕೆ ಸಮ. ಚಾವಣಿಯ ಆಕಾರಕ್ಕೆ ತಕ್ಕಂತೆ ಇದು ಹೆಚ್ಚುಕಡಿಮೆಯಾದೀತು. ಅದೇ ಗಾತ್ರದ ಉಕ್ಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ತೂಗುವ ಅಲ್ಯೂಮಿನಿಯಂ, ಕೇವಲ ಸ್ವಂತ ಭಾರದಿಂದ ಇದನ್ನು ತಡೆಯಲಾರದು. ನೆಲಕ್ಕೆ ಬಿಗಿಯುವುದು ಅನಿವಾರ್ಯ.

ಮೂರನೆಯದಾದ ತೆರಿಗೆಯ ಪ್ರಶ್ನೆ ಏಳುವುದು ಇಲ್ಲಿಯೇ. ಲೋಹದ ರಚನೆಗಳ ಮೇಲೆ ಸದ್ಯ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಇದೆ. ವ್ಯಾಪಾರಕ್ಕೆಂದು ಕೊಂಡರೂ, ಅದು ಸ್ಥಿರಾಸ್ತಿಯ ನಿರ್ಮಾಣವೆನಿಸಿದರೆ, ಕಲಂ 17(5)ರ ಪ್ರಕಾರ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಕ್ಟೋಬರ್ 2024ರಲ್ಲಿ ತೆರೆದ ಕಿಂಡಿಯನ್ನು 2025ರ ಹಣಕಾಸು ಕಾಯ್ದೆಯು 1 ಜುಲೈ 2017ರಿಂದ ಪೂರ್ವಾನ್ವಯವಾಗುವಂತೆ ಮುಚ್ಚಿತು. ಆದರೆ ನವೆಂಬರ್ 2024ರ ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಅಲುಗಾಡದಿರಲೆಂದು ಮಾತ್ರ ನೆಲಕ್ಕೆ ಬಿಗಿದು, ಹಾನಿಯಿಲ್ಲದೆ ಬಿಚ್ಚಿ ಬೇರೆಡೆ ನಿಲ್ಲಿಸಬಹುದಾದ ವಸ್ತುವು ಸ್ಥಿರಾಸ್ತಿಯಾಗದೆಂದು ಹೇಳಿದೆ. ಅದು ಹಿಂದಿನ ಅಬಕಾರಿ ಸುಂಕದ ಸೆನ್ವ್ಯಾಟ್ ನಿಯಮಗಳ ಸಂಬಂಧದ ತೀರ್ಪಾದ್ದರಿಂದ ಇಲ್ಲಿ ವಾದಕ್ಕೆ ಆಧಾರವಾದೀತೇ ಹೊರತು ಭರವಸೆಯಾಗದು. ಮನೆಯ ತೋಟಕ್ಕೆ ಕೊಂಡವರಿಗಂತೂ ಜಮೆಯ ಪ್ರಶ್ನೆಯೇ ಇಲ್ಲ.

ಗಾಳಿಯು ಬಿಗಿಯಿರಿ ಎನ್ನುತ್ತದೆ, ತೆರಿಗೆಯು ಬಿಡಿಯಾಗಿರಲಿ ಎನ್ನುತ್ತದೆ. ಎರಡಕ್ಕೂ ಸಲ್ಲುವ ಉತ್ತರ ಬೋಲ್ಟು. ಕಂಬಗಳನ್ನು ಕಾಂಕ್ರೀಟಿನಲ್ಲಿ ಹೂಳುವ ಬದಲು, ಅಡಿಪಾಯದ ಆಂಕರ್ ಬೋಲ್ಟುಗಳಿಗೆ ಪಾದಫಲಕವನ್ನು ಬಿಗಿದರೆ ಮಂಟಪವು ಗಾಳಿಯನ್ನು ತಡೆಯುತ್ತದೆ, ಅಗತ್ಯವಿದ್ದಾಗ ಬಿಚ್ಚಲೂ ಬರುತ್ತದೆ. ಅಡಿಪಾಯದ ಕೆಲಸಕ್ಕೆ ಪ್ರತ್ಯೇಕ ಬಿಲ್ಲು ಪಡೆದು, ಅದರ ತೆರಿಗೆಯನ್ನು ಜಮೆಗೆ ಸೇರಿಸದಿರುವುದು ಕ್ಷೇಮ.

ಆದ್ದರಿಂದ ಖರೀದಿ ಆದೇಶದಲ್ಲಿ ಕೊಳವೆಯ ದಪ್ಪ, ಲೇಪನದ ವಿಧಾನ, ಬೋಲ್ಟುಗಳ ಅಳತೆ, ಖಾತರಿಯ ಅವಧಿ ಇವಿಷ್ಟನ್ನೂ ಬರೆಯಿಸಿ, ಅನಂತರವೇ ದರಗಳನ್ನು ಹೋಲಿಸುವುದು ಉಚಿತ. ಹಾಗೆ ಮಾಡದಿದ್ದರೆ ನಷ್ಟ ಕೊಳ್ಳುವವರಿಗೆ ಮಾತ್ರವಲ್ಲ. ದಪ್ಪ ಕೊಳವೆ ಬಳಸಿ, ಸತುವಿನ ಲೇಪನ ಮಾಡಿಸಿಕೊಡುವ ನಮ್ಮ ಕೈಗಾರಿಕಾ ವಸಾಹತುಗಳ ಪ್ರಾಮಾಣಿಕ ಫ್ಯಾಬ್ರಿಕೇಟರು, ತೆಳು ಕೊಳವೆಗೆ ಬಣ್ಣ ಬಳಿದು ಕೊಡುವವರೆದುರು ಪ್ರತಿ ಬಾರಿಯೂ ಸೋಲುತ್ತಾರೆ. ಈ ವರ್ಗದ ಉದ್ದಿಮೆದಾರರು ನಮ್ಮ ವಾಣಿಜ್ಯ ಸಮುದಾಯದವರೇ ಎಂಬುದನ್ನು ಸದಸ್ಯ ಬಾಂಧವರು ಮರೆಯಬಾರದು.