ಜಜ್ಜಿದ ಬುಲೆಟ್ ಚಾಪರ್ ಆಗಬೇಕೇ?

ಅಪಘಾತದಲ್ಲಿ ಜಜ್ಜಿಹೋದ ಹಳೇ ಬುಲೆಟ್ ಸಿಕ್ಕಿದರೆ, ಮುಂದಿನ ಫೋರ್ಕ್ ಉದ್ದ ಮಾಡಿ ಚಾಪರ್ ಕಟ್ಟೋಣ ಅಂತ ಆಸೆಯಾಗುವುದು ಸಹಜ. ಆದರೆ ಮಕ್ಕಳೇ, ಮೊದಲು ಸನ್ನೆಕೋಲಿನ ಪಾಠ ನೆನಪಿಸಿಕೊಳ್ಳಿ. ಫೋರ್ಕ್ ಉದ್ದವಾದಷ್ಟೂ, ಬ್ರೇಕ್ ಹಿಡಿದಾಗ ಚಾಸಿಯ ಕತ್ತನ್ನು ಬಾಗಿಸುವ ಒತ್ತಡ ಹೆಚ್ಚುತ್ತದೆ. ಎದುರಿನಿಂದ ಡಿಕ್ಕಿಯಾದಾಗ ಪೆಟ್ಟು ತಿನ್ನುವುದೂ ಅದೇ ಕತ್ತು. ವೆಲ್ಡಿಂಗ್ ಮಾಡಿಸಿದರೆ ಸಾಲದೇ? ಬೆಸುಗೆಯ ಕಾವಿಗೆ ಪಕ್ಕದ ಉಕ್ಕಿನ ಗುಣವೇ ಬದಲಾಗುತ್ತದೆ. ಬಿರುಕು ಅಲ್ಲಿಂದಲೇ ಶುರುವಾಗಬಹುದು.

ಕಾನೂನೂ ಒಪ್ಪುವುದಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದಿತು.

ನನ್ನ ಅಭಿಪ್ರಾಯ ಇಷ್ಟೇ: ಚಾಸಿ ನೆಟ್ಟಗಿದ್ದರೆ ಮೊದಲಿದ್ದ ಹಾಗೇ ರಿಪೇರಿ ಮಾಡಿಸಿ. ಬಾಗಿದ್ದರೆ ಎಂಜಿನ್ ಬಿಚ್ಚಿ ಶಾಲೆಯ ಪ್ರಯೋಗಾಲಯದಲ್ಲಿಡಿ. ಪಿಸ್ಟನ್ ಕೈಯಲ್ಲಿ ಹಿಡಿದು ಕಲಿತವರಿಗೆ ನಾಲ್ಕು ಸ್ಟ್ರೋಕಿನ ಪಾಠ ಮರೆತುಹೋಗೋದಿಲ್ಲ.