ಭೂಗರ್ಭದ ಶಾಖವೂ ಪ್ರಜೆಗಳ ಕ್ಷೇಮವೂ

ಭಾರತ ಸರಕಾರದವರು ಭೂಗರ್ಭದ ಶಾಖಶಕ್ತಿಯನ್ನು ಕುರಿತು 2025ರ ಸೆಪ್ಟೆಂಬರಿನಲ್ಲಿ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದರು. ಕಲ್ಲಿದ್ದಲನ್ನು ಸುಡದೆ, ಹಗಲಿರುಳೆನ್ನದೆ ಒದಗತಕ್ಕ ಈ ಶಕ್ತಿಯನ್ನು ದೇಶವು ಬಯಸುವುದು ಸಹಜವೇ ಸರಿ. ನಾವೂ ಅದನ್ನು ಮನಃಪೂರ್ವಕವಾಗಿ ಸ್ವಾಗತಿಸುವೆವು. ಆದರೆ ಈ ಉದ್ಯಮದಲ್ಲಿ ನಮಗಿಂತ ಮುಂಚೆ ಕೈಹಾಕಿದ ದೇಶವೊಂದು ತೆತ್ತ ಬೆಲೆ ಎಷ್ಟೆಂಬುದನ್ನು ನಮ್ಮ ಅಧಿಕಾರಿವರ್ಗದವರೂ ವಾಚಕರೂ ಅರಿತಿರುವುದು ಅವಶ್ಯ. ದಕ್ಷಿಣ ಕೊರಿಯದ ಪೋಹಾಂಗ್ ನಗರದ ವೃತ್ತಾಂತವೇ ಅದು.

ನೆಲದಡಿ ನಾಲ್ಕೈದು ಕಿಲೋಮೀಟರ್ ಆಳದಲ್ಲಿರುವ ಬಂಡೆಯು ಬಹಳ ಬಿಸಿಯಾಗಿರುವುದು. ಆದರೆ ಅದರೊಳಗೆ ನೀರು ಹರಿದಾಡಲು ಸಾಕಷ್ಟು ಸಂದುಗಳಿಲ್ಲ. ಆದುದರಿಂದ ಇಂಜಿನಿಯರರು ಬಾವಿಯನ್ನು ಕೊರೆದು, ಪ್ರಬಲವಾದ ಒತ್ತಡದಿಂದ ನೀರನ್ನು ಒಳನುಗ್ಗಿಸಿ, ಬಂಡೆಯ ಬಿರುಕುಗಳನ್ನು ತೆರೆಯಿಸುವರು. ಹೀಗೆ ಕಾದ ನೀರನ್ನು ಬೇರೊಂದು ಬಾವಿಯಿಂದ ಮೇಲಕ್ಕೆ ತರುವರು. ಬಿರುಕು ತೆರೆಯುವಾಗ ಸಣ್ಣ ಕಂಪನಗಳಾಗುವುದು ಅನಿವಾರ್ಯ. ಅವು ಕೆಲಸವು ಸಾಗುತ್ತಿರುವುದಕ್ಕೆ ಗುರುತು ಸಹ. ಅಪಾಯವು ಬೇರೆಡೆ ಇರುವುದು. ಭೂಮಿಯೊಳಗೆ ಹಳೆಯ ಸ್ತರಭಂಗಗಳುಂಟು. ಅವುಗಳ ಎರಡು ಮಗ್ಗುಲುಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದಲೇ ಯುಗಾಂತರಗಳಿಂದ ಸಂಚಿತವಾದ ಬಲವು ತಡೆದು ನಿಂತಿರುವುದು. ನೀರಿನ ಒತ್ತಡವು ಆ ಹಿಡಿತವನ್ನು ಸಡಿಲಿಸಿತೆಂದರೆ, ಆಮೇಲೆ ಹೊರಬೀಳುವ ಶಕ್ತಿಯು ಪಂಪಿನದಲ್ಲ, ಭೂಮಿಯದೇ. ಅದಕ್ಕೆ ಇಷ್ಟೇ ಎಂಬ ಮಿತಿಯನ್ನು ಮನುಷ್ಯನು ಹಾಕಲಾರ.

ಉಕ್ಕಿನ ಕಾರ್ಖಾನೆಗೆ ಹೆಸರಾದ ಪೋಹಾಂಗಿನಲ್ಲಿ ನಡೆದುದು ಇದೇ. ಅಲ್ಲಿ ಯೋಜಿಸಿದ್ದುದು ಸುಮಾರು 1.2 ಮೆಗಾವಾಟ್ ವಿದ್ಯುತ್ತಿನ ಒಂದು ಚಿಕ್ಕ ಪ್ರಯೋಗ; ನಾಲ್ಕು ಕಿಲೋಮೀಟರಿಗೂ ಮಿಕ್ಕ ಆಳದ ಎರಡು ಬಾವಿಗಳು. ಒಂದು ಬಾವಿಯನ್ನು ಕೊರೆಯುವಾಗಲೇ ಸುಮಾರು 3,800 ಮೀಟರ್ ಆಳದಲ್ಲಿ ಕೊರೆತದ ಕೆಸರು ಒಮ್ಮೆಲೆ ಸೋರಿಹೋಯಿತು. ಅದು ಸ್ತರಭಂಗದ ಸುಳಿವಾಗಿದ್ದಿತೆಂಬುದು ಮುಂದೆ ಗೊತ್ತಾಯಿತು. 2017ರ ಏಪ್ರಿಲ್ 15ರಂದು, ನೀರು ತುಂಬಿದ ಬೆನ್ನಲ್ಲೇ, 3ನ್ನು ಮೀರಿದ ತೀವ್ರತೆಯ ಕಂಪನವಾಯಿತು. ಅಷ್ಟಾದರೂ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಮತ್ತೆ ನೀರು ತುಂಬಿದರು! ಸೆಪ್ಟೆಂಬರ್ 18ಕ್ಕೆ ಕೆಲಸ ನಿಂತಿತು. ನವೆಂಬರ್ 15ರಂದು 5.5 ತೀವ್ರತೆಯ ಭೂಕಂಪವು ನಗರವನ್ನು ಅಲುಗಿಸಿತು. ಏಪ್ರಿಲಿನದಕ್ಕಿಂತ ಇದರ ಶಕ್ತಿಯು ಎರಡು ಸಾವಿರ ಪಟ್ಟಿಗೂ ಮಿಗಿಲು. ಒಬ್ಬರು ಮೃತರಾದರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಸುಮಾರು 1,700 ಜನರು ಮನೆ ಬಿಟ್ಟು ಆಶ್ರಯಸ್ಥಾನಗಳನ್ನು ಸೇರಬೇಕಾಯಿತು. ಮರುದಿನ ನಡೆಯಬೇಕಾಗಿದ್ದ ಕಾಲೇಜು ಪ್ರವೇಶ ಪರೀಕ್ಷೆಯನ್ನು ದೇಶಾದ್ಯಂತ ಒಂದು ವಾರ ಮುಂದೂಡಿದರು.

ವಿಚಾರಣೆಗಾಗಿ ರಚಿತವಾದ ತಜ್ಞಮಂಡಲಿಯಲ್ಲಿ ಹೊರದೇಶದ ಭೂವಿಜ್ಞಾನಿಗಳೂ ಇದ್ದರು. ನೀರು ನುಗ್ಗಿಸಿದುದೇ ಸ್ತರಭಂಗವನ್ನು ಕದಲಿಸಿತೆಂದು ಅದು 2019ರ ಮಾರ್ಚ್ 20ರಂದು ನಿಸ್ಸಂದಿಗ್ಧವಾಗಿ ಹೇಳಿತು. ಇಷ್ಟು ನೀರಿಗೆ ಇಷ್ಟೇ ಕಂಪನವೆಂದು ಅದುವರೆಗೆ ಕೆಲವರು ಇಟ್ಟುಕೊಂಡಿದ್ದ ಲೆಕ್ಕವೂ ಅಲ್ಲಿ ಸುಳ್ಳಾಯಿತು. ಪರಿಹಾರದ ಕಥೆಯಾದರೋ ಇನ್ನೂ ದೀರ್ಘ. 2019ರ ಕೊನೆಗೆ ವಿಶೇಷ ಶಾಸನವಾಯಿತು. 2023ರ ನವೆಂಬರಿನಲ್ಲಿ ನ್ಯಾಯಾಲಯವು ಸರಕಾರವನ್ನು ಹೊಣೆ ಮಾಡಿ ನಿವಾಸಿಗಳಿಗೆ ಹಣ ಕೊಡಿಸಿತು. 2025ರ ಮೇ ತಿಂಗಳಿನಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತೆಗೆದುಹಾಕಿತು. ಗೋಡೆ ಬಿರಿದ ಮನೆಯವನಿಗೆ ಈ ಏರಿಳಿತದಿಂದ ಯಾವ ಸಮಾಧಾನ?

ಇದಕ್ಕೆ ಪ್ರತಿಯಾಗಿ ಹಸುರು, ಹಳದಿ, ಕೆಂಪು ದೀಪಗಳ ಪದ್ಧತಿಯುಂಟೆಂದು ಉದ್ಯಮದವರು ಹೇಳುವರು. ಕಂಪನವು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಪಂಪನ್ನು ನಿಧಾನಿಸುವುದು ಅಥವಾ ನಿಲ್ಲಿಸುವುದು ಅದರ ಕ್ರಮ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರ ಡಿಸೆಂಬರಿನಲ್ಲಿ ಈ ದೀಪಗಳೂ ಇದ್ದವು. ಕಂಪನಗಳು ಹೆಚ್ಚಿದಾಗ ನೀರನ್ನು ನಿಲ್ಲಿಸಿಯೂ ಇದ್ದರು. ನಿಲ್ಲಿಸಿದ ಕೆಲವು ಗಂಟೆಗಳ ಮೇಲೆ, 8ನೇ ತಾರೀಖಿನಂದು, 3.4 ತೀವ್ರತೆಯದು ಬಂದಿತು. ಮುಂದಿನ ಜನವರಿ ಫೆಬ್ರವರಿಗಳಲ್ಲಿಯೂ 3ನ್ನು ಮೀರಿದವು ಬಂದವು. ಒಳಹೊಕ್ಕ ಒತ್ತಡವು ಗುಂಡಿ ಒತ್ತಿದ ಮಾತ್ರಕ್ಕೆ ಇಳಿಯತಕ್ಕುದಲ್ಲ. 1356ರಲ್ಲಿ ಭೂಕಂಪದಿಂದ ಹಾಳಾಗಿದ್ದ ಊರಿನ ನಡುವೆಯೇ ಈ ಪ್ರಯೋಗಕ್ಕೆ ಸ್ಥಳವನ್ನಾರಿಸಿದವರ ಧೈರ್ಯವನ್ನು ಏನೆನ್ನಬೇಕೋ ತಿಳಿಯದು. ಆ ಯೋಜನೆಯನ್ನು 2009ರಲ್ಲಿ ಕೈಬಿಟ್ಟರು.

ಹಾಗೆಂದು ದೀಪಗಳು ನಿರುಪಯುಕ್ತವೆನ್ನುವುದು ಅನ್ಯಾಯ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಮಗ್ಗುಲಲ್ಲಿ 2018ರಲ್ಲಿ ಆರು ಕಿಲೋಮೀಟರಿಗೂ ಆಳದ ಬಾವಿಯೊಳಗೆ 49 ದಿನಗಳಲ್ಲಿ 18,000 ಘನಮೀಟರಿಗೂ ಹೆಚ್ಚು ನೀರನ್ನು ಬಿಟ್ಟರು. ಕೆಂಪುದೀಪದ ಮಿತಿಯು 2.1 ಇದ್ದಿತು; ಅತ್ಯಂತ ದೊಡ್ಡ ಕಂಪನವು 1.9ರಲ್ಲೇ ನಿಂತಿತು. ಕಂಪನಗಳನ್ನು ಕ್ಷಣಕ್ಷಣಕ್ಕೂ ಅಳೆದು, ಅದಕ್ಕೆ ತಕ್ಕಂತೆ ಪಂಪನ್ನು ತಗ್ಗಿಸಿ, ನಡುನಡುವೆ ವಿರಾಮ ಕೊಟ್ಟುದರ ಫಲವದು. ಹೆಲ್ಸಿಂಕಿಯ ಬಂಡೆ ಪೋಹಾಂಗಿನದಲ್ಲವೆಂಬುದೂ ನಿಜ. ಆದರೂ ಅಲ್ಲಿ ಅಳತೆಯನ್ನು ನಂಬಿದರು. ಇಲ್ಲಿ ಏಪ್ರಿಲಿನ ಎಚ್ಚರಿಕೆಯನ್ನು ಕಂಡೂ ಮುಂದುವರಿದರು.

ಕೆಂಪುದೀಪವನ್ನು ಹೊತ್ತಿಸುವ ಅಧಿಕಾರವು ಯಾರ ಕೈಯಲ್ಲಿರಬೇಕು ಎಂಬುದೇ ಮುಖ್ಯವಾದ ಪ್ರಶ್ನೆ. ಬಾವಿಗೆ ಬಂಡವಾಳ ಹಾಕಿದವನ ಕೈಯಲ್ಲಂತೂ ಕೂಡದು. ಗಡುವು, ಹಣ, ಪ್ರತಿಷ್ಠೆ ಇವು ಮೂರೂ ಅವನನ್ನು ಮುಂದಕ್ಕೆ ತಳ್ಳುತ್ತಿರುವುವು. ಯೋಜನೆಯಲ್ಲಿ ಲಾಭನಷ್ಟವಿಲ್ಲದ ಭೂಕಂಪ ತಜ್ಞರಿಗೆ ಕೆಲಸವನ್ನು ನಿಲ್ಲಿಸುವ ಶಾಸನಬದ್ಧವಾದ ಹಕ್ಕಿರತಕ್ಕದ್ದು. ಅಳತೆಯ ಅಂಕಿಗಳು ಆಯಾ ದಿನವೇ ಪ್ರಜೆಗಳಿಗೆ ದೊರೆಯತಕ್ಕದ್ದು. ಹಾನಿಯಾದರೆ ಕಾರಣವನ್ನು ಸಾಧಿಸುವ ಹೊರೆಯನ್ನು ಮನೆ ಕಳೆದುಕೊಂಡವನ ಮೇಲೆ ಹೊರಿಸದೆ, ಪರಿಹಾರದ ನಿಧಿಯನ್ನು ಮೊದಲ ಹನಿ ನೀರು ಇಳಿಯುವ ಮುಂಚೆಯೇ ಕಟ್ಟಿಸಿಕೊಳ್ಳತಕ್ಕದ್ದು.

ನಮ್ಮ ದೇಶಕ್ಕೆ ಈ ಪಾಠವು ಹೊಸದಲ್ಲ. ಕೊಯ್ನಾ ಜಲಾಶಯವು ತುಂಬಲಾರಂಭಿಸಿದ ಮೇಲೆ ಅಲ್ಲಿ ಕಂಪನಗಳು ತಲೆದೋರಿ, 1967ರ ಡಿಸೆಂಬರ್ 10ರಂದು 6.3 ತೀವ್ರತೆಯ ಭೂಕಂಪವಾಗಿ ನೂರೆಪ್ಪತ್ತಕ್ಕೂ ಹೆಚ್ಚು ಜನರು ಮಡಿದರು. ಈಗ ಲಡಾಖಿನ ಪೂಗಾ ಕಣಿವೆಯಲ್ಲಿ ಮೊದಲ ಹೆಜ್ಜೆಯಾಗಿ 1 ಮೆಗಾವಾಟಿನ ಪ್ರಯೋಗಕ್ಕೆ 2021ರಲ್ಲಿ ಒಪ್ಪಂದವಾಗಿರುವುದು. ಅಲ್ಲಿ ಬಿಸಿನೀರಿನ ಬುಗ್ಗೆಗಳು ತಾವಾಗಿಯೇ ಉಕ್ಕುತ್ತಿರುವುದರಿಂದ ಬಂಡೆಯನ್ನು ಬಲಾತ್ಕಾರವಾಗಿ ಸೀಳಬೇಕಾದ ಪ್ರಸಂಗವು ಪೋಹಾಂಗಿನಷ್ಟಿಲ್ಲ. ಆದರೆ ಆ ನೆಲವು ಹಿಮಾಲಯದ ನೆಲ. 2022ರಲ್ಲಿ ಕೊರೆತದ ಕಾಲಕ್ಕೆ ಭೂಗರ್ಭದ ದ್ರವವು ಹಳ್ಳಕ್ಕೆ ಸೋರಿದುದೂ ಉಂಟು. ಆದುದರಿಂದ ಕೊರೆಯುವ ಮುಂಚೆ ಒಂದೆರಡು ವರ್ಷಗಳ ಸಹಜ ಕಂಪನಗಳ ದಾಖಲೆಯನ್ನು ಸಿದ್ಧಪಡಿಸಬೇಕು. ಆ ಕಣಿವೆಯಲ್ಲಿ ಆಡು ಮೇಯಿಸುವ ಚಾಂಗ್ಪಾ ಜನರಿಗೆ, ಅಲ್ಲಿ ಏನು ನಡೆಯುತ್ತಿರುವುದು, ಯಾವ ಕಂಪನಕ್ಕೆ ಕೆಲಸ ನಿಲ್ಲುವುದು ಎಂಬುದನ್ನು ಅವರ ಭಾಷೆಯಲ್ಲಿಯೇ ತಿಳಿಸಬೇಕು. ರಾಷ್ಟ್ರೀಯ ನೀತಿಯ ಮೇರೆಗೆ ನೀಡಲಾಗುವ ಪ್ರತಿಯೊಂದು ಅನುಮತಿಪತ್ರದಲ್ಲಿಯೂ ಈ ಷರತ್ತುಗಳನ್ನು ಬರೆಯಿಸುವಂತೆ ನಾವು ಸರಕಾರದವರನ್ನು ಒತ್ತಾಯಪಡಿಸುವೆವು.