ಹಳೇ ವಿಡಿಯೊ ಗೇಮ್ ಕಂಪ್ಯೂಟರ್‌ನಲ್ಲಿ ಆಡಬಹುದಾ? ಎಮ್ಯುಲೇಟರ್‌ಗೆ ಅಡ್ಡಿಯಿಲ್ಲ, ಗೇಮ್ ಫೈಲ್‌ನದ್ದೇ ತಕರಾರು

ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ ಮಾರಿಯೊ, ಕಾಂಟ್ರಾ ಆಟಗಳು ಈಗ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಅದಕ್ಕೆ ಬೇಕಿರುವುದು ಎರಡು: ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಮತ್ತು 'ರೋಮ್' ಎಂದು ಕರೆಯುವ ಆಟದ ಫೈಲ್. ಮೊದಲನೆಯದು ಸುಲಭವಾಗಿ, ಉಚಿತವಾಗಿ ಸಿಗುತ್ತದೆ. ಪುಣೆ ಜಿಲ್ಲೆಯ ದೌಂಡದಲ್ಲಿರಲಿ, ನಮ್ಮ ದಾವಣಗೆರೆಯಲ್ಲಿರಲಿ, ಹಳೇ ಆಟ ಹುಡುಕುವವರು ಸಿಕ್ಕಿಕೊಳ್ಳುವುದು ಎರಡನೆಯದರಲ್ಲಿ.

ಎಮ್ಯುಲೇಟರ್ ಅಂದರೆ ಏನು?

ಪ್ರತಿ ಗೇಮ್ ಕನ್ಸೋಲ್‌ಗೂ ಅದರದ್ದೇ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಇರುತ್ತದೆ. ಅವುಗಳ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವುದೇ ಎಮ್ಯುಲೇಟರ್. ಪ್ಲೇಸ್ಟೇಷನ್ 2 ಆಟಗಳಿಗೆ ಬಳಸುವ ಪಿಸಿಎಸ್‌ಎಕ್ಸ್2ಗೆ ಕನ್ಸೋಲ್‌ನ ಬಯಾಸ್ ಕೂಡ ಬೇಕು. ಅದು ಸೋನಿಯ ಸ್ವತ್ತಾದ್ದರಿಂದ ಎಮ್ಯುಲೇಟರ್ ಜತೆ ಬರುವುದಿಲ್ಲ. ಬಳಕೆದಾರರು ತಮ್ಮ ಕನ್ಸೋಲ್‌ನಿಂದಲೇ ಅದನ್ನು ತೆಗೆದುಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ಕನೆಕ್ಟಿಕ್ಸ್ ಕಂಪನಿಯ ಎಮ್ಯುಲೇಟರ್ ವಿರುದ್ಧ ಸೋನಿ ಹೂಡಿದ್ದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ರಲ್ಲಿ ಕನೆಕ್ಟಿಕ್ಸ್ ಪರ ತೀರ್ಪು ನೀಡಿತು. 2024ರ ಏಪ್ರಿಲ್‌ನಲ್ಲಿ ಆ್ಯಪಲ್ ಕೂಡ ತನ್ನ ಆ್ಯಪ್ ಸ್ಟೋರ್‌ನಲ್ಲಿ ಹಳೇ ಗೇಮ್‌ಗಳ ಎಮ್ಯುಲೇಟರ್‌ಗೆ ಅವಕಾಶ ಕೊಟ್ಟಿತು. ಆದರೆ ಅದೇ ವರ್ಷ ಮಾರ್ಚ್‌ನಲ್ಲಿ 'ಯುಜು' ತಯಾರಕರು ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಮುಚ್ಚಿದ್ದರು. ಅದು ಹಳೇ ಆಟಗಳ ವಿವಾದವಲ್ಲ, ಮಾರುಕಟ್ಟೆಯಲ್ಲಿದ್ದ ಸ್ವಿಚ್ ಕನ್ಸೋಲ್‌ನ ರಕ್ಷಣೆ ಮುರಿದ ಆರೋಪ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು ಅದರಿಂದ ಬ್ಯಾಕಪ್ ಮಾಡಿಕೊಳ್ಳಬಹುದು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ, 2012ರಲ್ಲಿ ಸೇರಿಸಿದ 65ಎ ಕಲಂನಡಿ ಎರಡು ವರ್ಷದವರೆಗೆ ಜೈಲು.

ನಮ್ಮಲ್ಲೇ ಹೆಚ್ಚು ಇಕ್ಕಟ್ಟು

ಇಲ್ಲಿ 'ಕಾನೂನುಬದ್ಧವಾಗಿ' ಎಂಬ ಪದವೇ ಮುಖ್ಯ. ನಮ್ಮ ಪೇಟೆಗಳಲ್ಲಿ ಮಾರಾಟವಾದ ಬಹುಪಾಲು ಟಿವಿ ಗೇಮ್‌ಗಳು ನಿಂಟೆಂಡೊ ಯಂತ್ರದ ನಕಲುಗಳು. ನೂರಾರು ಆಟಗಳಿವೆ ಎಂದು ಹೇಳಿಕೊಳ್ಳುತ್ತಿದ್ದ ಕ್ಯಾಸೆಟ್‌ಗಳೂ ಹಾಗೆಯೇ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಕ್ಯಾಸೆಟ್ ಅಟ್ಟದಲ್ಲಿ ಈಗಲೂ ಇರಬಹುದು, ಆದರೆ ಬ್ಯಾಕಪ್ ಹಕ್ಕಿಗೆ ಅದು ಆಧಾರವಾಗದು. ಜಪಾನ್, ಅಮೆರಿಕದಲ್ಲಿ ಅಸಲಿ ಕ್ಯಾಸೆಟ್ ಕೊಂಡವರು 'ನನ್ನದೇ ಪ್ರತಿ' ಎಂದಾದರೂ ವಾದಿಸಬಹುದು. ಇಲ್ಲಿನ ಬಹುತೇಕರಿಗೆ ಆ ವಾದವೂ ಇಲ್ಲ.

ಹಾಗಾದರೆ ಈಗ ಕೊಂಡು ಆಡಬಹುದಲ್ಲವೇ? ಅದೂ ಕಷ್ಟ. ಅಮೆರಿಕದಲ್ಲಿ 2010ಕ್ಕೂ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಸೆಗಾ ತನ್ನ ಮೆಗಾ ಡ್ರೈವ್ ಕಾಲದ ಆಟಗಳನ್ನು 2024ರ ಡಿಸೆಂಬರ್‌ನಲ್ಲಿ ಸ್ಟೀಮ್‌ ಮಳಿಗೆಯಿಂದ ಹಿಂತೆಗೆದುಕೊಂಡಿತು. ಸಂಶೋಧಕರು ಗ್ರಂಥಾಲಯಗಳ ಹಳೇ ಆಟಗಳನ್ನು ದೂರದಿಂದಲೇ ಬಳಸಲು ಅವಕಾಶ ಕೋರಿದ್ದ ಮನವಿಯನ್ನೂ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಅದೇ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತ್ತು.

ಮಾರಾಟಕ್ಕಿರುವ ಆಟವನ್ನು ಪುಕ್ಕಟೆ ಇಳಿಸಿಕೊಳ್ಳುವುದು ಕಳ್ಳತನವೇ ಸರಿ. ಆದರೆ ಮಾಲೀಕರೇ ಮಾರದ ಆಟವನ್ನು ಉಳಿಸಿಕೊಳ್ಳಲು ನ್ಯಾಯವಾದ ದಾರಿ ಯಾವುದು? ಕ್ಯಾಸೆಟ್‌ಗಳು ಕೆಡುತ್ತಿವೆ, ಡಿಸ್ಕ್‌ಗಳು ಹಾಳಾಗುತ್ತಿವೆ. ಕಾನೂನು ಇದಕ್ಕೆ ಉತ್ತರ ಕೊಡುವವರೆಗೆ ಆ ಆಟಗಳು ಉಳಿಯುವುದು ಕಾನೂನು ಮೀರಿದವರ ಹಾರ್ಡ್ ಡಿಸ್ಕ್‌ಗಳಲ್ಲಿ ಮಾತ್ರ.